ಅವನು ಸೋತರೆ ನಾನು ಗೆದ್ದೆನೇ?

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿಯಿದೆ. ಅದರ ನವರಂಗದಲ್ಲಿ ಒಂದು ಉದ್ದನೆಯ ಶಾಸನವಿದೆ. 1129ರಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಮಲ್ಲಿಷೇಣ ಮಲಧಾರಿದೇವರೆಂಬ ಜೈನ ಮುನಿಗಳ ನೆನಪಿಗೆ ಬರೆಸಿದ ಶಾಸನವದು. ಸತ್ತವರ ಗುಣಗಾನದಿಂದಲೇ ಅದು ಶುರುವಾಗುವುದಿಲ್ಲ. ಅವರಿಗಿಂತ ಹಿಂದಿನ ಆಚಾರ್ಯರನ್ನು ಒಬ್ಬೊಬ್ಬರಾಗಿ ನೆನೆಯುತ್ತಾ ಬರುತ್ತದೆ. ಹಾಗೆ ನೆನೆಯುವಾಗ ಮತ್ತೆ ಮತ್ತೆ ಬರುವ ಮಾತು ತಪಸ್ಸಿನದಲ್ಲ, ವಾದದ್ದು. ಸಮಂತಭದ್ರರು ಪಾಟಲಿಪುತ್ರದಲ್ಲಿ ವಾದಕ್ಕೆ ಕರೆಯುವ ಭೇರಿ ಬಾರಿಸಿದರು, ಆಮೇಲೆ ಮಾಳವ, ಸಿಂಧು, ಠಕ್ಕ, ಕಂಚಿ, ವಿದಿಶೆಗಳಲ್ಲಿ ಬಾರಿಸಿ ಕರಹಾಟಕಕ್ಕೆ ಬಂದರು ಎನ್ನುತ್ತದೆ. ಅಕಳಂಕರು ಹಿಮಶೀತಲನೆಂಬ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದು, ಮಡಕೆಯನ್ನು ಕಾಲಿಂದ ಒದ್ದು ಒಡೆದರು ಎನ್ನುತ್ತದೆ. ಆ ಮಡಕೆಯಲ್ಲಿ ಬೌದ್ಧರ ತಾರಾದೇವಿ ಅಡಗಿ ಕೂತಿದ್ದಳಂತೆ. ಅಹಂಕಾರದಿಂದಲೂ ಅಲ್ಲ, ದ್ವೇಷದಿಂದಲೂ ಅಲ್ಲ, ಜನರ ಮೇಲಿನ ಕರುಣೆಯಿಂದ ಹಾಗೆ ಮಾಡಿದೆ ಎಂದು ಅಕಳಂಕರ ಬಾಯಲ್ಲೇ ಶಾಸನ ಹೇಳಿಸುತ್ತದೆ.

ಅಕಳಂಕರು 8ನೇ ಶತಮಾನದವರು. ಶಾಸನ ಬಂದದ್ದು ಸುಮಾರು ನಾಲ್ಕು ಶತಮಾನಗಳ ನಂತರ. ಆ ಹೊತ್ತಿಗೆ ವಾದದಲ್ಲಿ ಗೆಲ್ಲುವುದೇ ದೊಡ್ಡತನದ ಗುರುತಾಗಿತ್ತು. ವಾದಿರಾಜ, ವಾದೀಭಸಿಂಹ ಎಂಬ ಹೆಸರುಗಳನ್ನೇ ನೋಡಿ. ಒಬ್ಬರು ವಾದಿಗಳಿಗೆ ರಾಜ, ಇನ್ನೊಬ್ಬರು ವಾದಿಗಳೆಂಬ ಆನೆಗಳಿಗೆ ಸಿಂಹ. ಆದರೆ ಈ ಮಡಕೆಯ ಕಥೆ ಓದಿದ ಯಾರಿಗಾದರೂ ಒಂದು ಪ್ರಶ್ನೆ ಬರಬೇಕು. ಮಡಕೆ ಒಡೆಯಿತು, ಸರಿ. ಅದರಿಂದ ಅಕಳಂಕರ ಸಿದ್ಧಾಂತ ಸಿದ್ಧವಾಯಿತೇ? ಎದುರಾಳಿಯ ಮಾತು ತಪ್ಪೆಂದು ತೋರಿಸಿದರೆ ನನ್ನ ಮಾತು ತಾನಾಗಿ ಸರಿಯಾಗುತ್ತದೆಯೇ?

ಇದು ಇಂದಿನವರು ಹೊರಗಿನಿಂದ ತಂದು ಹೇರುವ ಪ್ರಶ್ನೆಯಲ್ಲ. ನಮ್ಮ ತರ್ಕಶಾಸ್ತ್ರದೊಳಗೇ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇದರ ಮೇಲೆ ಜಗಳ ನಡೆದಿದೆ. ಆ ಜಗಳದಲ್ಲಿ ತೀರ ಮುಖ್ಯವಾದ ಉತ್ತರವೊಂದನ್ನು ಕೊಟ್ಟವರು ಇದೇ ಅಕಳಂಕರು. ಅವರ ಉತ್ತರಕ್ಕೂ ಅವರ ಬಗ್ಗೆ ಕಲ್ಲಿನಲ್ಲಿ ಕೊರೆದ ಹೊಗಳಿಕೆಗೂ ಹೊಂದಿಕೆಯಾಗುವುದಿಲ್ಲ.

ಮೊದಲು ಕೆಲವು ಪದಗಳನ್ನು ನೋಡೋಣ. ಕನ್ನಡದ ಮನೆಗಳಲ್ಲಿ ಮಕ್ಕಳು ಎದುರುತ್ತರ ಕೊಟ್ಟರೆ ‘ವಿತಂಡವಾದ ಮಾಡಬೇಡ’ ಎಂದು ಗದರುತ್ತಾರೆ. ‘ಅವಳು ಛಲಗಾತಿ’ ಎಂದರೆ ಮೆಚ್ಚುಗೆ. ‘ಜಾತಿ’ ಎಂದರೆ ಏನೆಂದು ಯಾರಿಗೂ ವಿವರಿಸಬೇಕಿಲ್ಲ. ಈ ಮೂರೂ ಒಂದು ಕಾಲಕ್ಕೆ ವಾದಸಭೆಯ ಪಾರಿಭಾಷಿಕ ಪದಗಳು. ಅಲ್ಲಿ ಛಲವೆಂದರೆ ದೃಢತೆಯಲ್ಲ, ಎದುರಾಳಿಯ ಮಾತಿನ ಅರ್ಥವನ್ನು ಬೇಕೆಂದೇ ತಿರುಚುವ ಮೋಸ. ಜಾತಿಯೆಂದರೆ ಮೇಲ್ನೋಟದ ಹೋಲಿಕೆಯನ್ನೋ ವ್ಯತ್ಯಾಸವನ್ನೋ ಹಿಡಿದು ಕೊಡುವ ಪೊಳ್ಳು ಆಕ್ಷೇಪ. ವಿತಂಡವೆಂದರೆ ಸುಮ್ಮನೆ ಮೊಂಡುತನವಲ್ಲ, ತನ್ನದೊಂದು ಪಕ್ಷವನ್ನು ಸಾಧಿಸದೆ ಎದುರಿನವರದ್ದನ್ನು ಕೆಡವುವುದಷ್ಟೇ ಗುರಿಯಾಗಿರುವ ವಾದ. ಪದಗಳು ನಮ್ಮ ಬಾಯಲ್ಲಿ ಉಳಿದಿವೆ, ಅವುಗಳ ಹಿಂದಿದ್ದ ವಿವೇಚನೆ ಕಳಚಿಹೋಗಿದೆ.

ಈ ವಿವೇಚನೆಯ ಹಳೆಯ ದಾಖಲೆಗಳಲ್ಲಿ ಒಂದು ಸಿಗುವುದು ತರ್ಕದ ಪುಸ್ತಕದಲ್ಲಲ್ಲ, ವೈದ್ಯರ ಪುಸ್ತಕದಲ್ಲಿ. ಚರಕಸಂಹಿತೆಯ ವಿಮಾನಸ್ಥಾನದ 8ನೇ ಅಧ್ಯಾಯ ವೈದ್ಯರು ತಮ್ಮತಮ್ಮಲ್ಲಿ ಹೇಗೆ ಚರ್ಚಿಸಬೇಕೆಂದು ವಿವರಿಸುತ್ತದೆ. ಚರ್ಚೆ ಎರಡು ಬಗೆ. ಒಂದು ಕೂಡಿ ಆಡುವ ಮಾತು, ಅದು ‘ಸಂಧಾಯ ಸಂಭಾಷೆ’. ಇನ್ನೊಂದು ಹೊಡೆದಾಟದ ಮಾತು, ‘ವಿಗೃಹ್ಯ ಸಂಭಾಷೆ’. ತಿಳಿದವರು, ಸಿಟ್ಟಿಲ್ಲದವರು, ಒಪ್ಪಿಸಿದರೆ ಒಪ್ಪುವ ಮನಸ್ಸಿನವರು ಸಿಕ್ಕರೆ ಮೊದಲನೆಯದು. ಅಲ್ಲಿ ಅಳುಕಿಲ್ಲದೆ ಕೇಳಬೇಕು, ಅಳುಕಿಲ್ಲದೆ ಹೇಳಬೇಕು. ಎದುರಿನವರು ಸೋತರೆ ಹಿಗ್ಗಬಾರದು, ಊರಿಗೆಲ್ಲ ಹೇಳಿಕೊಂಡು ತಿರುಗಬಾರದು.

ಎರಡನೆಯದಕ್ಕೆ ಬಂದಾಗ ಚರಕರ ಪಠ್ಯ ನಾಚಿಕೆಯಿಲ್ಲದೆ ನೇರವಾಗಿ ಮಾತಾಡುತ್ತದೆ. ನಿನಗಿಂತ ಮೇಲಿನವನ ಜೊತೆ ಇಳಿಯಬೇಡ. ಸಭೆ ನಿನ್ನ ಪರವೋ ವಿರೋಧವೋ ಎಂದು ಮೊದಲೇ ಅಳೆ. ಆದರೆ ಸಭೆಯವರೊಂದಿಗೆ ಮುಂಚೆಯೇ ಮಾತಾಡಿಕೊಂಡು ನಿನಗೆ ಅನುಕೂಲವಾದ ವಿಷಯವನ್ನೇ ಇಡಿಸು. ಹೆಚ್ಚು ಓದಿಲ್ಲದವನು ಎದುರಿಗಿದ್ದರೆ ಉದ್ದುದ್ದ ಸೂತ್ರಪಾಠ ಹೇಳಿ ಮುಳುಗಿಸು. ಇಂದಿನ ಟಿ.ವಿ. ಚರ್ಚೆಗಳನ್ನು ನೋಡಿದವರಿಗೆ ಈ ಉಪಾಯಗಳಲ್ಲಿ ಯಾವುದೂ ಹೊಸದೆನಿಸುವುದಿಲ್ಲ. ಆದರೆ ಗಮನಿಸಬೇಕಾದದ್ದು ಬೇರೆ. ಆ ಪಠ್ಯ ಎರಡನ್ನೂ ಒಂದೇ ಹೆಸರಿನಿಂದ ಕರೆಯಲಿಲ್ಲ. ಹೊಡೆದಾಟವನ್ನು ಕಲಿಸುವಾಗಲೂ ಇದು ಹೊಡೆದಾಟ, ಜ್ಞಾನದ ದಾರಿಯಲ್ಲ ಎಂಬ ಗೆರೆಯನ್ನು ಮೊದಲು ಎಳೆದೇ ಕಲಿಸಿತು.

ಈ ಗೆರೆಯನ್ನು ಶಾಸ್ತ್ರವಾಗಿ ಬೆಳೆಸಿದ್ದು ಅಕ್ಷಪಾದ ಗೌತಮರ ಹೆಸರಿನಲ್ಲಿರುವ ನ್ಯಾಯಸೂತ್ರ. ಅದು ತನ್ನ ಮೊದಲ ಸೂತ್ರದಲ್ಲೇ 16 ಪದಾರ್ಥಗಳನ್ನು ಪಟ್ಟಿ ಮಾಡುತ್ತದೆ. ಪ್ರಮಾಣದಿಂದ ಶುರುವಾಗಿ ಸಂಶಯ, ದೃಷ್ಟಾಂತ, ತರ್ಕ, ನಿರ್ಣಯಗಳನ್ನು ದಾಟಿದ ಮೇಲೆ ಕೊನೆಯ ಏಳು ಬರುತ್ತವೆ. ಅವು ವಾದ, ಜಲ್ಪ, ವಿತಂಡ, ಹೇತ್ವಾಭಾಸ, ಛಲ, ಜಾತಿ, ನಿಗ್ರಹಸ್ಥಾನ. ಹೆಚ್ಚುಕಡಿಮೆ ಅರ್ಧ ಪಟ್ಟಿ ಮಾತಿನ ಕಾಳಗಕ್ಕೆ ಸೇರಿದ್ದು. ವಾದವೆಂದರೆ ಸತ್ಯ ತಿಳಿಯಬೇಕೆಂದು ಇಬ್ಬರೂ ಕೂತು ನಡೆಸುವ ವಿಚಾರ. ಜಲ್ಪವೆಂದರೆ ಗೆಲ್ಲಲಿಕ್ಕಾಗಿ ನಡೆಸುವುದು, ಅಲ್ಲಿ ಛಲ ಜಾತಿಗಳನ್ನೂ ಬಳಸುತ್ತಾರೆ. ವಿತಂಡವೆಂದರೆ ತನ್ನ ಪಕ್ಷವನ್ನೇ ಸಾಧಿಸದ ಜಲ್ಪ. ವಾದವನ್ನು ಯಾರೊಡನೆ ಮಾಡಬೇಕೆಂಬುದನ್ನೂ ಸೂತ್ರ ಹೇಳುತ್ತದೆ. ಶಿಷ್ಯ, ಗುರು, ಜೊತೆಯಲ್ಲಿ ಓದುವವರು, ಒಳಿತನ್ನು ಬಯಸುವ ಇತರರು, ಯಾರೇ ಆದರೂ ಹೊಟ್ಟೆಕಿಚ್ಚಿಲ್ಲದವರಾಗಿರಬೇಕು.

ಇವುಗಳಲ್ಲಿ ಹೇತ್ವಾಭಾಸವೇ ನಾವಿಂದು ತರ್ಕದೋಷ ಎನ್ನುವುದಕ್ಕೆ ತೀರ ಹತ್ತಿರದ್ದು. ಹೇತುವಿನ ಹಾಗೆ ಕಾಣುವ, ಆದರೆ ಹೇತುವಲ್ಲದ ಕಾರಣ ಅದು. ನ್ಯಾಯಸೂತ್ರ ಐದನ್ನು ಹೇಳುತ್ತದೆ. ಹೆಸರುಗಳು ಆಮೇಲೆ ಸ್ವಲ್ಪ ಬದಲಾದರೂ 17ನೇ ಶತಮಾನದ ಅನ್ನಂಭಟ್ಟರ ತರ್ಕಸಂಗ್ರಹದವರೆಗೂ ಲೆಕ್ಕ ಐದೇ.

ಮೊದಲನೆಯದು ಸವ್ಯಭಿಚಾರ, ಅಂದರೆ ದಾರಿ ತಪ್ಪಿ ಅಲೆಯುವ ಹೇತು. ‘ಅಲ್ಲಿ ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ’ ಎಂದರೆ ಕಾದ ಕಬ್ಬಿಣ ಅಡ್ಡ ಬರುತ್ತದೆ. ಅಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ‘ಅವನು ಇಂಗ್ಲಿಷನ್ನು ಸರಾಗವಾಗಿ ಆಡುತ್ತಾನೆ, ಆದ್ದರಿಂದ ಬುದ್ಧಿವಂತ’ ಎನ್ನುವುದು ಇದೇ ಜಾಡಿನದು. ಎರಡನೆಯದು ವಿರುದ್ಧ, ಹೇಳಹೊರಟಿದ್ದಕ್ಕೆ ಉಲ್ಟಾ ಆದದ್ದನ್ನೇ ಸಾಧಿಸುವ ಹೇತು. ‘ಈ ಪದ್ಧತಿ ಎಂದೂ ಬದಲಾಗಿಲ್ಲ, ಕಾಲಕಾಲಕ್ಕೆ ಹಿರಿಯರು ತಿದ್ದುತ್ತಲೇ ಬಂದಿದ್ದಾರಲ್ಲ’ ಎಂದ ಹಾಗೆ. ಮೂರನೆಯದು ಪ್ರಕರಣಸಮ, ಆಮೇಲಿನವರ ಬಾಯಲ್ಲಿ ಸತ್ಪ್ರತಿಪಕ್ಷ. ಅಷ್ಟೇ ಬಲದ ಎದುರು ಹೇತು ನಿಂತಿರುವಾಗ ಯಾವುದೂ ತೀರ್ಮಾನವಾಗುವುದಿಲ್ಲ. ನಾಲ್ಕನೆಯದು ಸಾಧ್ಯಸಮ ಅಥವಾ ಅಸಿದ್ಧ, ತಾನೇ ಸಾಬೀತಾಗಬೇಕಾದ ಕಾರಣ. ‘ಈ ಗ್ರಂಥ ಹೇಳುವುದೆಲ್ಲ ನಿಜ, ಬರೆದವರು ತಪ್ಪನ್ನೇ ಮಾಡದವರು’ ಎಂದರೆ, ಅವರು ತಪ್ಪು ಮಾಡದವರೆಂಬುದಕ್ಕೆ ಏನು ಆಧಾರ? ಐದನೆಯದು ಕಾಲಾತೀತ, ಆಮೇಲೆ ಬಾಧಿತ ಎಂದಾಯಿತು. ‘ಬೆಂಕಿ ತಣ್ಣಗಿದೆ, ಯಾಕೆಂದರೆ ಅದೂ ನೀರಿನಂತೆ ಒಂದು ದ್ರವ್ಯ’ ಎಂದು ಎಷ್ಟು ಚೆಂದವಾಗಿ ಹೇಳಿದರೂ ಬೆರಳು ಸುಡುತ್ತದೆ.

ಈ ಐದರಲ್ಲಿ ಮೊದಲನೆಯದೇ ದಿನನಿತ್ಯ ನಮ್ಮನ್ನು ಹೆಚ್ಚು ಮೋಸಗೊಳಿಸುವುದು. ನಮ್ಮ ಜನಪದ ಕಥೆಯ ಅಜ್ಜಿಗೆ ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂಬ ನಂಬಿಕೆ. ಊರವರ ಮೇಲೆ ಮುನಿದು, ಇವರು ಕತ್ತಲಲ್ಲೇ ಇರಲಿ ಎಂದು ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಮಾರನೆಯ ದಿನ ಅವಳು ಸೇರಿದ ಜಾಗದಲ್ಲಿ ಕೋಳಿ ಕೂಗಿತು, ಬೆಳಗೂ ಆಯಿತು. ಅಜ್ಜಿಯ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು! ಅವಳು ಎಣಿಸಿದ್ದರಲ್ಲಿ ಸುಳ್ಳೇನೂ ಇಲ್ಲ. ಕೋಳಿ ಕೂಗಿದ ದಿನಗಳೆಲ್ಲ ಬೆಳಗಾದ ದಿನಗಳೇ. ಆದರೆ ಅವಳ ತಪ್ಪು ಬಯಲಾಗುವುದು ಅವಳಿರುವ ಕಡೆಯಲ್ಲ, ಅವಳು ಬಿಟ್ಟುಬಂದ ಊರಿನಲ್ಲಿ. ಹಿಂದಿರುಗಿ ಹೋಗಿ ‘ಕೋಳಿಯಿಲ್ಲದ ನಿಮ್ಮಲ್ಲಿ ಏನಾಯಿತು?’ ಎಂದು ಕೇಳಬೇಕಿತ್ತು. ಕೂಡಿ ಬಂದದ್ದನ್ನು ನೋಡುವುದು ಅನ್ವಯ, ಒಂದಿಲ್ಲದಲ್ಲಿ ಇನ್ನೊಂದೂ ಇಲ್ಲವೇ ಎಂದು ನೋಡುವುದು ವ್ಯತಿರೇಕ. ಒಪ್ಪುವ ಉದಾಹರಣೆಗಳು ತಾವಾಗಿ ಬಂದು ಕಣ್ಣಿಗೆ ಬೀಳುತ್ತವೆ. ಒಪ್ಪದವನ್ನು ಹುಡುಕಿಕೊಂಡು ಹೋಗಬೇಕು.

ಈ ಹುಡುಕಾಟಕ್ಕೆ ಒಂದು ಲೆಕ್ಕಾಚಾರದ ರೂಪ ಕೊಟ್ಟವರು 5ನೇ ಮತ್ತು 6ನೇ ಶತಮಾನಗಳ ನಡುವಿನ ಬೌದ್ಧ ತಾರ್ಕಿಕ ದಿಙ್ನಾಗರು. ಅವರ ‘ಹೇತುಚಕ್ರ’ ಒಂಬತ್ತು ಮನೆಗಳ ಪಟ. ಸಾಧಿಸಬೇಕಾದ ಗುಣವಿರುವ ಕಡೆಗಳಲ್ಲಿ ನಿಮ್ಮ ಹೇತು ಎಲ್ಲದರಲ್ಲೂ ಇದೆಯೇ, ಕೆಲವದರಲ್ಲಿ ಇದೆಯೇ, ಯಾವುದರಲ್ಲೂ ಇಲ್ಲವೇ? ಆ ಗುಣವಿಲ್ಲದ ಕಡೆಗಳಲ್ಲಿ ಎಲ್ಲದರಲ್ಲೂ, ಕೆಲವದರಲ್ಲಿ, ಯಾವುದರಲ್ಲೂ ಇಲ್ಲ? ಮೂರು ಮೂರಲೆ ಒಂಬತ್ತು. ಅದರಲ್ಲಿ ಸರಿಯಾದ ಹೇತುವಿಗೆ ಸಿಗುವುದು ಎರಡೇ ಮನೆ. ಎರಡು ಮನೆಗಳಲ್ಲಿ ಹೇತು ವಿರುದ್ಧ. ಉಳಿದ ಐದರಲ್ಲಿ ಏನನ್ನೂ ತೀರ್ಮಾನಿಸಲಾಗುವುದಿಲ್ಲ. ಒಂಬತ್ತರಲ್ಲಿ ಏಳು ಮನೆ ತಪ್ಪಿಗೇ ಮೀಸಲು ಎಂಬುದು ಕಲಿಯುವವರಿಗೆ ಒಂದು ಪಾಠವಾದರೆ, ಆ ಏಳರಲ್ಲಿ ಐದು ‘ತಪ್ಪು’ ಅಲ್ಲ, ‘ಗೊತ್ತಿಲ್ಲ’ ಎಂಬುದು ಇನ್ನೊಂದು, ಬಹುಶಃ ದೊಡ್ಡದಾದ ಪಾಠ. ಹೇತು ಕೆಟ್ಟದ್ದಾದ ಮಾತ್ರಕ್ಕೆ ಅದು ಹೇಳಹೊರಟದ್ದು ಸುಳ್ಳಾಗುವುದಿಲ್ಲ. ಅಜ್ಜಿಯ ಕಾರಣ ತಪ್ಪು, ಆದರೆ ಬೆಳಗಾದದ್ದು ನಿಜವೇ.

ಇಷ್ಟು ಗೊತ್ತಾದ ವಿದ್ಯಾರ್ಥಿ ಮಾಡುವ ಮೊದಲ ಕೆಲಸ ಯಾವುದು? ಎಲ್ಲ ಕಾಲದಲ್ಲೂ ಒಂದೇ. ಪಟ್ಟಿ ಹಿಡಿದು ಬೇರೆಯವರ ಮಾತಿನಲ್ಲಿ ದೋಷ ಹುಡುಕುತ್ತಾ ಹೊರಡುವುದು. ನೈಯಾಯಿಕರಿಗೆ ಈ ಚಟ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರ ಪಟ್ಟಿ ಹೇತ್ವಾಭಾಸದಲ್ಲಿ ನಿಲ್ಲಲಿಲ್ಲ. ದೋಷ ಹುಡುಕುವವರ ದೋಷಗಳನ್ನೂ ಹೆಸರಿಟ್ಟು ಕರೆದರು.

ಛಲದಲ್ಲಿ ಮೂರು ಬಗೆ. ವಾತ್ಸ್ಯಾಯನರ ಭಾಷ್ಯ ಕೊಡುವ ಪ್ರಸಿದ್ಧ ಉದಾಹರಣೆ ‘ನವಕಂಬಲ’ದ್ದು. ಹುಡುಗನೊಬ್ಬ ಹೊಸ ಕಂಬಳಿ ಹೊದ್ದಿದ್ದಾನೆ ಎಂಬ ಅರ್ಥದಲ್ಲಿ ಒಬ್ಬರು ಆ ಪದ ಬಳಸಿದರೆ, ‘ಎಲ್ಲಿ ಒಂಬತ್ತು ಕಂಬಳಿ? ಒಂದೇ ಇದೆಯಲ್ಲ!’ ಎಂದು ಇನ್ನೊಬ್ಬರು ಎಗರುತ್ತಾರೆ. ನವ ಎಂದರೆ ಹೊಸದೂ ಹೌದು, ಒಂಬತ್ತೂ ಹೌದು. ಇದು ವಾಕ್ಛಲ. ಎದುರಿನವರು ಹೇಳದೇ ಇದ್ದದ್ದನ್ನು ಹೇಳಿದರೆಂದು ಮಾಡಿ, ಅದನ್ನು ಖಂಡಿಸಿ ಮೀಸೆ ತಿರುವುವುದು. ಜಾತಿಗಳು 24. ಸೋಲಿನ ತಾಣಗಳಾದ ನಿಗ್ರಹಸ್ಥಾನಗಳು 22, ಹೇತ್ವಾಭಾಸ ಅವುಗಳಲ್ಲಿ ಕೊನೆಯದು. ಆ 22ರಲ್ಲಿ ಮೂರನ್ನು ಇಲ್ಲಿ ನೆನೆಯಬೇಕು.

ಒಂದು, ಮತಾನುಜ್ಞೆ. ನಿನ್ನ ಪಕ್ಷದಲ್ಲಿ ಈ ದೋಷವಿದೆ ಎಂದಾಗ ಅದನ್ನು ನಿವಾರಿಸದೆ ‘ನಿನ್ನದರಲ್ಲೂ ಇದೆಯಲ್ಲ’ ಎನ್ನುವುದು. ‘ನಿಮ್ಮ ಕಾಲದಲ್ಲಿ ಏನಾಗಿತ್ತು?’ ಎಂಬ ರಾಜಕಾರಣಿಗಳ ನಿತ್ಯದ ಉತ್ತರ ಇದೇ. ಆ ಹೆಸರಿನ ಅರ್ಥದಲ್ಲೇ ತೀರ್ಪಿದೆ. ಅನುಜ್ಞೆ ಎಂದರೆ ಒಪ್ಪಿಗೆ. ನೀನೂ ಕಳ್ಳ ಎಂದವನು ತಾನು ಕಳ್ಳನಲ್ಲ ಎಂದು ಹೇಳಲಿಲ್ಲ, ತನ್ನ ಮೇಲಿನ ಆರೋಪವನ್ನು ಒಪ್ಪಿಕೊಂಡ ಹಾಗಾಯಿತು. ಎರಡು, ಪರ್ಯನುಯೋಜ್ಯೋಪೇಕ್ಷಣ. ಎತ್ತಿ ತೋರಿಸಲೇಬೇಕಾದ ದೋಷವನ್ನು ಕಂಡೂ ಕಾಣದಂತೆ ಬಿಡುವುದು. ಮೂರು, ನಿರನುಯೋಜ್ಯಾನುಯೋಗ. ದೋಷವಿಲ್ಲದಲ್ಲಿ ದೋಷ ಹೊರಿಸುವುದು.

ಈ ಮೂರನೆಯದು ಪಟ್ಟಿಯಲ್ಲಿ ಇರುವುದೇ ಒಂದು ಎಚ್ಚರಿಕೆ. ತರ್ಕದೋಷದ ಹೆಸರುಗಳನ್ನು ಬಾಯಿಪಾಠ ಮಾಡಿ ಸಿಕ್ಕಸಿಕ್ಕ ಮಾತಿಗೆ ಅಂಟಿಸುತ್ತಾ ಹೋಗುವವರು ತಾವೇ ಸೋತವರ ಸಾಲಿಗೆ ಸೇರುತ್ತಾರೆ. ದೋಷ ತೋರಿಸುವುದೂ ಒಂದು ಪ್ರತಿಜ್ಞೆಯೇ. ಅದನ್ನೂ ಸಾಧಿಸಿ ತೋರಿಸಬೇಕು. ಗ್ರೀಸಿನಲ್ಲಿ ಅರಿಸ್ಟಾಟಲ್ 13 ಬಗೆಯ ತರ್ಕಾಭಾಸಗಳನ್ನು ವಿಂಗಡಿಸಿದ್ದೂ ಇಂಥದ್ದೇ ಪ್ರಶ್ನೋತ್ತರದ ಕಾಳಗಗಳ ಹಿನ್ನೆಲೆಯಲ್ಲಿ. ಇಂದು ತರಗತಿಗಳಲ್ಲಿ ಪಟ್ಟಿ ಮಾತ್ರ ಉಳಿದು ಆ ಹಿನ್ನೆಲೆ ಮರೆತಿದೆ. ಪಟ್ಟಿ ಯಾರ ಕೈಯಲ್ಲಿದೆ, ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ನೈಯಾಯಿಕರು ಛಲ ಜಾತಿಗಳನ್ನು ಪೂರ್ತಿಯಾಗಿ ಬಿಟ್ಟರೇ? ಇಲ್ಲ. ಇಲ್ಲಿ ಅವರಿಗೊಂದು ಇಕ್ಕಟ್ಟಿತ್ತು. ಸತ್ಯಕ್ಕಾಗಿ ಬಾರದ, ಗದ್ದಲಕ್ಕಾಗಿಯೇ ಬರುವ ಎದುರಾಳಿಯನ್ನು ಏನು ಮಾಡುವುದು? ನ್ಯಾಯಸೂತ್ರದ ಉತ್ತರ ಒಂದು ಹೋಲಿಕೆಯಲ್ಲಿದೆ. ಎಳೆಯ ಮೊಳಕೆಯನ್ನು ಕಾಪಾಡಲು ಮುಳ್ಳಿನ ಕೊಂಬೆಗಳ ಬೇಲಿ ಹಾಕುವಂತೆ, ನಿಶ್ಚಯಿಸಿಕೊಂಡ ತತ್ತ್ವವನ್ನು ಕಾಪಾಡಲು ಜಲ್ಪ ವಿತಂಡಗಳು ಬೇಕು. ಹೊಲ ಗದ್ದೆ ಕಂಡವರಿಗೆ ತಟ್ಟನೆ ಒಪ್ಪಿಗೆಯಾಗುವ ಹೋಲಿಕೆಯಿದು. ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗದೆ ಇರುತ್ತವೆಯೇ?

7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಗಳು ‘ವಾದನ್ಯಾಯ’ ಎಂಬ ಕೃತಿಯಲ್ಲಿ ಇದಕ್ಕೆ ಕೊಟ್ಟ ಪೆಟ್ಟು ಈಗಲೂ ಚುರುಕೆನ್ನುತ್ತದೆ. ಸತ್ಯವನ್ನು ಕಾಪಾಡಲು ಮೋಸದ ಮಾತು ಸಲ್ಲುವುದಾದರೆ ಉಗುರು, ಕಪಾಳಮೋಕ್ಷ, ಕತ್ತಿ, ಬೆಂಕಿ ಇವೂ ಸಲ್ಲುತ್ತವೆಂದೇ ಹೇಳಬೇಕಲ್ಲ ಎಂದು ಕೇಳುತ್ತಾರೆ. ಎದುರಿನವರ ಬಾಯಿ ಮುಚ್ಚಿಸುವುದೇ ಗುರಿಯಾದರೆ ಮಾತಿಗಿಂತ ಕತ್ತಿ ಚೆನ್ನಾಗಿ ಕೆಲಸ ಮಾಡುತ್ತದೆ. ಕತ್ತಿ ಯಾಕೆ ಬೇಡವೋ ಅದೇ ಕಾರಣಕ್ಕೆ ಛಲವೂ ಬೇಡ. ನೈಯಾಯಿಕರ 22 ಸೋಲುಗಳ ಪಟ್ಟಿಯನ್ನು ತಳ್ಳಿಹಾಕಿ ಧರ್ಮಕೀರ್ತಿಗಳು ಎರಡನ್ನು ಮಾತ್ರ ಉಳಿಸಿದರು. ವಾದಿಗೆ, ಸಾಧನೆಗೆ ಬೇಕಾದ್ದನ್ನು ಹೇಳದಿರುವುದು ಅಥವಾ ಬೇಡದ್ದನ್ನು ಹೇಳುವುದು. ಪ್ರತಿವಾದಿಗೆ, ಇರುವ ದೋಷವನ್ನು ತೋರಿಸದಿರುವುದು ಅಥವಾ ಇಲ್ಲದ ದೋಷವನ್ನು ತೋರಿಸುವುದು.

ಇಲ್ಲಿಗೆ ಮುಗಿಯಿತೆನಿಸುತ್ತದೆ. ಮೋಸ ಹೋಯಿತು, ಪಟ್ಟಿ ಚಿಕ್ಕದಾಯಿತು, ದೋಷ ಇದ್ದರೆ ತೋರಿಸು, ಇಲ್ಲದಿದ್ದರೆ ಸುಮ್ಮನಿರು. ಆದರೆ ಈ ಅಚ್ಚುಕಟ್ಟಾದ ನಿಯಮದಲ್ಲೂ ಒಂದು ಬಿರುಕಿತ್ತು. ಅದನ್ನು ಕಂಡವರು ಅಕಳಂಕರು.

ಧರ್ಮಕೀರ್ತಿಗಳನ್ನು ಇಂಚಿಂಚಾಗಿ ಓದಿ, ಅವರ ಪ್ರಮಾಣಶಾಸ್ತ್ರದಿಂದ ಕಲಿತು, ಅವರೊಂದಿಗೇ ಗುದ್ದಾಡಿದವರು ಅಕಳಂಕರು. ‘ನ್ಯಾಯವಿನಿಶ್ಚಯ’, ‘ಸಿದ್ಧಿವಿನಿಶ್ಚಯ’, ‘ಅಷ್ಟಶತಿ’ ಅವರ ಕೃತಿಗಳು. ಗೆಲುವು ಸೋಲಿನ ಬಗ್ಗೆ ಅವರ ನಿಲುವು ಒಂದೇ ಮಾತಿನದು. ಒಬ್ಬರ ಪಕ್ಷ ಸಿದ್ಧವಾಗುವುದೇ ಇನ್ನೊಬ್ಬರ ಸೋಲು. ಅದಲ್ಲದೆ ಬೇರೆ ಸೋಲಿಲ್ಲ. ವಾದಿ ಒಂದೆರಡು ಮಾತು ಹೆಚ್ಚು ಆಡಿದರೆಂದು ಸೋತರೆನ್ನಲಾಗದು, ಹೇಳಬೇಕಾದ್ದನ್ನು ಸಾಧಿಸಿದ್ದಾರೆಯೇ ನೋಡಿ. ಪ್ರತಿವಾದಿ ಒಂದು ದೋಷ ಹಿಡಿದರೆಂದು ಗೆದ್ದರೆನ್ನಲಾಗದು, ತಮ್ಮದನ್ನು ಸಾಧಿಸಿದ್ದಾರೆಯೇ ನೋಡಿ. ಇಬ್ಬರೂ ಸಾಧಿಸದಿದ್ದರೆ ಯಾರೂ ಗೆಲ್ಲಲಿಲ್ಲ.

ಈ ನಿಲುವಿನ ಭಾರ ತಟ್ಟನೆ ತಿಳಿಯುವುದಿಲ್ಲ. ನೈಯಾಯಿಕರು ದೋಷಗಳನ್ನು ಎಣಿಸಿದರು. ಧರ್ಮಕೀರ್ತಿಗಳು ದೋಷ ತೋರಿಸುವುದರಲ್ಲಿ ಪ್ರಾಮಾಣಿಕತೆ ತಂದರು. ಅಕಳಂಕರು ದೋಷ ತೋರಿಸುವುದರಿಂದ ಗೆಲುವಿನ ಪಟ್ಟವನ್ನೇ ಕಿತ್ತುಕೊಂಡರು. ಎದುರಿನವರ ಮನೆ ಬಿದ್ದರೆ ನನ್ನ ಮನೆ ಎದ್ದು ನಿಲ್ಲುವುದಿಲ್ಲ. ನನ್ನದನ್ನು ನಾನೇ ಕಟ್ಟಬೇಕು, ಅದಕ್ಕೆ ಬೇರೆಯೇ ಕಲ್ಲು, ಬೇರೆಯೇ ದುಡಿಮೆ. ವಿತಂಡಕ್ಕೆ ಇನ್ನು ಜಾಗವೇ ಇಲ್ಲ.

ಈಗ ಚಿಕ್ಕಬೆಟ್ಟದ ಶಾಸನವನ್ನು ಮತ್ತೊಮ್ಮೆ ಓದಿ ನೋಡಿ. ಅಕಳಂಕರು ಯಾವುದನ್ನು ಗೆಲುವೆಂದು ಒಪ್ಪಲು ಸಿದ್ಧರಿರಲಿಲ್ಲವೋ ಅದನ್ನೇ ಅವರ ಹಿರಿಮೆಯೆಂದು ಕಲ್ಲಿನಲ್ಲಿ ಕೊರೆಯಲಾಗಿದೆ. ಒಡೆದ ಮಡಕೆ ಇದೆ, ಆದರೆ ಹಿಮಶೀತಲನ ಸಭೆಯಲ್ಲಿ ಅವರು ಏನನ್ನು ಹೇಗೆ ಸಾಧಿಸಿದರೆಂಬ ಒಂದು ಸಾಲೂ ಅಲ್ಲಿಲ್ಲ. ಇದು ಶಾಸನ ಬರೆಸಿದವರ ಮೇಲಿನ ದೂರಲ್ಲ. ನೆನಪು ಕೆಲಸ ಮಾಡುವುದೇ ಹಾಗೆ. ಸೋಲು ಗೆಲುವು ಕಥೆಯಾಗುತ್ತವೆ, ಕಾರಣಗಳು ಆಗುವುದಿಲ್ಲ. ಶಿಲ್ಪಿಗೆ ಒದೆಯುವ ಕಾಲನ್ನು ಕೆತ್ತಲು ಬರುತ್ತದೆ, ಹೇತುವನ್ನು ಕೆತ್ತುವುದು ಹೇಗೆ? ಹಾಗಾಗಿ ತರ್ಕದ ಇತಿಹಾಸವನ್ನು ಶಾಸನಗಳಿಂದ ಮಾತ್ರ ಬರೆದರೆ ನಮಗೆ ಸಿಗುವುದು ಕುಸ್ತಿಯ ಇತಿಹಾಸ. ಅದರ ಪಕ್ಕದಲ್ಲಿ ಪಠ್ಯಗಳನ್ನಿಟ್ಟಾಗಲೇ ಇನ್ನೊಂದು ಇತಿಹಾಸ ಕಾಣುವುದು.

ಆದರೂ ಕೆಲವು ಶಾಸನಗಳು ಆ ಇನ್ನೊಂದು ಇತಿಹಾಸದ ಸುಳಿವನ್ನೂ ಕೊಡುತ್ತವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಯ ಮಠವಿತ್ತು. 1162ರ ಶಾಸನವೊಂದು ಅಲ್ಲಿ ಏನೇನು ಪಾಠವಾಗುತ್ತಿತ್ತೆಂದು ಪಟ್ಟಿ ಕೊಡುತ್ತದೆ. ವ್ಯಾಕರಣದ ಹಲವು ಪಂಥಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಅವುಗಳ ಸಾಲಿನಲ್ಲೇ ಬೌದ್ಧ. ಬಡವರಿಗೆ ಊಟ, ರೋಗಿಗಳಿಗೆ ಮದ್ದು ಕೊಡುತ್ತಿದ್ದ ಮಠವೂ ಅದೇ. ಶೈವರ ಮಠದಲ್ಲಿ ಬೌದ್ಧ ದರ್ಶನ ಓದಿಸಿದ್ದು ಯಾಕೆ? ಖಂಡಿಸಲಿಕ್ಕೇ ಇರಬಹುದು. ಆದರೆ ಖಂಡಿಸಬೇಕಾದರೂ ಮೊದಲು ಓದಬೇಕೆಂಬ ಶಿಸ್ತು ಅಲ್ಲಿತ್ತು. ಇದರ ಹೆಸರು ಪೂರ್ವಪಕ್ಷ. ನನ್ನ ಮಾತು ಹೇಳುವ ಮುನ್ನ ಎದುರಿನವರ ಮಾತನ್ನು ನಾನೇ ಹೇಳಬೇಕು.

ಈ ಶಿಸ್ತಿನ ಎತ್ತರ ಕಾಣಬೇಕಾದರೆ ವಿಜಯನಗರದ ಕಾಲಕ್ಕೆ ಬರಬೇಕು. ಅದಕ್ಕೂ ಮೊದಲು 13ನೇ ಶತಮಾನದಲ್ಲಿ ಮಧ್ವಾಚಾರ್ಯರು ‘ಕಥಾಲಕ್ಷಣ’ ಎಂಬ ಪುಟ್ಟ ಪ್ರಕರಣದಲ್ಲಿ ವಾದ, ಜಲ್ಪ, ವಿತಂಡಗಳ ನಿಯಮಗಳನ್ನು ಬರೆದರು. ತೀರ್ಪುಗಾರರಿಗೆ ರಾಗವೂ ಇರಬಾರದು, ದ್ವೇಷವೂ ಇರಬಾರದು. ಅವರು ಬೆಸ ಸಂಖ್ಯೆಯಲ್ಲಿರಬೇಕು, ಇಲ್ಲವೇ ಒಬ್ಬರೇ ಇರಬೇಕು ಎನ್ನುವಷ್ಟು ವಿವರ ಅಲ್ಲಿದೆ. ಅದೇ ಪರಂಪರೆಯ ವ್ಯಾಸತೀರ್ಥರು (1460–1539) ‘ನ್ಯಾಯಾಮೃತ’ ಬರೆದಾಗ ಅದ್ವೈತಿಗಳ ವಾದಗಳನ್ನು ಅವರ ನಾನಾ ಗ್ರಂಥಗಳಿಂದ ಹೆಕ್ಕಿ, ಒಂದೊಂದನ್ನೂ ಮುಂದಿಟ್ಟು, ಆಮೇಲೆ ಖಂಡಿಸಿದರು. ‘ತರ್ಕತಾಂಡವ’ದಲ್ಲಿ ಮಿಥಿಲೆಯ ಗಂಗೇಶರ ನವ್ಯನ್ಯಾಯವನ್ನು ಅದರದೇ ಭಾಷೆಯಲ್ಲಿ ಎದುರಿಸಿದರು. ನ್ಯಾಯಾಮೃತಕ್ಕೆ ಕಾಶಿಯ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಹೆಜ್ಜೆ ಹೆಜ್ಜೆಗೂ ಉತ್ತರ ಕೊಟ್ಟರು. ಅದಕ್ಕೆ ರಾಮಾಚಾರ್ಯರು ‘ತರಂಗಿಣಿ’ ಬರೆದರು, ಅದಕ್ಕೆ ಬ್ರಹ್ಮಾನಂದರು ಪ್ರತಿಯಾಗಿ ಬರೆದರು. ಒಬ್ಬರು ತೀರಿಕೊಂಡ ಮೇಲೂ ಅವರ ವಾದಕ್ಕೆ ಉತ್ತರ ಕೊಡಬೇಕಾದ ಹೊಣೆ ತಲೆಮಾರುಗಳವರೆಗೆ ದಾಟಿತು. ಇಲ್ಲಿ ಭೇರಿಯೂ ಇಲ್ಲ, ಮಡಕೆಯೂ ಇಲ್ಲ. ಗ್ರಂಥದ ಹೆಸರನ್ನು ಗಮನಿಸಿ. ವ್ಯಾಸತೀರ್ಥರ ಖಂಡನೆಗೆ ಮಧುಸೂದನರು ‘ದ್ವೈತಖಂಡನ’ ಎಂದು ಹೆಸರಿಡಲಿಲ್ಲ, ‘ಅದ್ವೈತಸಿದ್ಧಿ’ ಎಂದಿಟ್ಟರು. ಅಕಳಂಕರಿಗೆ ಒಪ್ಪಿಗೆಯಾಗಬಹುದಾದ ಹೆಸರು. ತನ್ನದನ್ನು ಸಾಧಿಸುವುದೇ ಉತ್ತರ.

ಈ ಇತಿಹಾಸವನ್ನು ಹೇಳುವಾಗ ಹೆಮ್ಮೆಯ ಹಾಡಾಗಿ ಹೇಳುವ ಅಪಾಯವೂ ಇದೆ. ಈ ಸಭೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಸಂಸ್ಕೃತ ಕಲಿಯಲು ಯಾರಿಗೆ ಬಿಟ್ಟಿತ್ತೋ ಅವರದೇ ಮಾತು ಅಲ್ಲಿ ನಡೆಯಿತು. ಹೆಂಗಸರು, ದುಡಿಯುವ ಜಾತಿಗಳವರು ಹೆಚ್ಚುಪಾಲು ಹೊರಗೇ ಉಳಿದರು. ಒಪ್ಪದ ಉದಾಹರಣೆಯನ್ನು ಹುಡುಕಿಕೊಂಡು ಹೋಗಬೇಕೆಂದು ಕಲಿಸಿದ ಶಾಸ್ತ್ರ, ಆ ಉದಾಹರಣೆಗಳನ್ನು ಬದುಕಿ ಬಲ್ಲವರನ್ನು ಬಾಗಿಲಾಚೆ ನಿಲ್ಲಿಸಿತು. ಅಜ್ಜಿ ಬಿಟ್ಟುಹೋದ ಊರಿನವರ ಸಾಕ್ಷಿಯನ್ನು ಕೇಳದೆಯೇ ಎಷ್ಟೋ ವ್ಯಾಪ್ತಿಗಳು ಸಿದ್ಧವೆನಿಸಿಕೊಂಡವು. ಇದು ಆ ಶಾಸ್ತ್ರದ ಹೊರಗಿನ ದೂರಲ್ಲ, ಅದರದೇ ನಿಯಮದಿಂದ ಕಾಣುವ ಕೊರತೆ.

ಅಂಜಿಕೆಯ ಮಾತೂ ಹಾಗೆಯೇ. ಪಾಲಿಯ ‘ಮಿಲಿಂದಪನ್ಹ’ದಲ್ಲಿ ಯವನ ರಾಜ ಮಿಲಿಂದ ಭಿಕ್ಷು ನಾಗಸೇನರನ್ನು ಚರ್ಚೆಗೆ ಕರೆಯುತ್ತಾನೆ. ಪಂಡಿತರು ಮಾತಾಡುವಂತೆ ಮಾತಾಡುವುದಾದರೆ ಬರುತ್ತೇನೆ, ರಾಜರು ಮಾತಾಡುವಂತಾದರೆ ಇಲ್ಲ ಎನ್ನುತ್ತಾರೆ ನಾಗಸೇನರು. ಏನು ವ್ಯತ್ಯಾಸ? ಪಂಡಿತರ ಮಾತಿನಲ್ಲಿ ಬಿಡಿಸುವುದು, ಕಟ್ಟುವುದು, ತಪ್ಪು ಒಪ್ಪುವುದು ಎಲ್ಲ ನಡೆಯುತ್ತದೆ, ಯಾರೂ ಸಿಟ್ಟಾಗುವುದಿಲ್ಲ. ರಾಜರು ಒಂದು ಮಾತು ಹೇಳುತ್ತಾರೆ, ಒಪ್ಪದವರಿಗೆ ಶಿಕ್ಷೆ ವಿಧಿಸುತ್ತಾರೆ. ಹೇತ್ವಾಭಾಸಗಳೆಲ್ಲ ಬಾಯಿಗೆ ಬಂದರೂ ‘ಇಲ್ಲಿ ನಾನು ತಪ್ಪಿದೆ’ ಎಂದವರಿಗೆ ಶಿಕ್ಷೆಯಾಗುವ ಕಡೆ ವಾದ ಹುಟ್ಟುವುದಿಲ್ಲ, ಜಲ್ಪವೇ ಹುಟ್ಟುವುದು. ತರಗತಿಯಲ್ಲಿ ಪ್ರಶ್ನೆ ಕೇಳಿದ ಹುಡುಗಿಗೆ ನಗೆಯೇ ಉತ್ತರವಾದರೆ, ವಿಚಾರ ಸಂಕಿರಣದಲ್ಲಿ ಹಿರಿಯರ ಮಾತಿಗೆ ಎದುರಾಡಿದವರ ಹೆಸರು ಮುಂದಿನ ಪಟ್ಟಿಯಿಂದ ಬಿಟ್ಟುಹೋದರೆ, ಅದೂ ರಾಜರ ಮಾತೇ.

ಹಾಗಾಗಿ ಸರಿಯಾಗಿ ಯೋಚಿಸಲು ಕಲಿಯುವುದೆಂದರೆ ತಪ್ಪುಗಳ ಹೆಸರು ಕಲಿಯುವುದಷ್ಟೇ ಅಲ್ಲ. ಹೆಸರುಗಳು ಬೇಕು, ಅವಿಲ್ಲದೆ ಕಣ್ಣಿಗೆ ಏನೂ ಬೀಳುವುದಿಲ್ಲ. ಆದರೆ ಈ ಪರಂಪರೆಯ ಒಳ್ಳೆಯ ಮನಸ್ಸುಗಳು ಆ ಹೆಸರುಗಳ ಜೊತೆಗೆ ಮೂರು ಕಟ್ಟಳೆಗಳನ್ನೂ ಇಟ್ಟುಕೊಂಡಿದ್ದವು. ಇಲ್ಲದ ದೋಷ ಹೊರ ಿಸಿದವರು ಸೋತರು. ಎದುರಿನವರ ಮಾತನ್ನು ಅವರೇ ತಲೆದೂಗುವಂತೆ ಮೊದಲು ಹೇಳು. ಅವರ ತಪ್ಪು ತೋರಿಸಿಯಾದ ಮೇಲೆ ನಿನ್ನ ಕೆಲಸ ಮುಗಿಯಲಿಲ್ಲ, ಶುರುವಾಯಿತು. ಹೇತ್ವಾಭಾಸದ ಐದು ಹೆಸರು ಒಂದು ಸಂಜೆಯಲ್ಲಿ ಬಾಯಿಗೆ ಬರುತ್ತವೆ. ಈ ಮೂರನ್ನು ಕಲಿಯಲು ಎದುರಿಗೆ ಇನ್ನೊಬ್ಬರು ಬೇಕು, ಅವರ ಮೇಲೆ ಹೊಟ್ಟೆಕಿಚ್ಚಿಲ್ಲದಿರಬೇಕು.